ಗೇಟಿನ ಎರಡು ಮಗ್ಗುಲಿನ ಮನೆ

ಸುಣ್ಣದ ಗಾರೆ ಅರೆಯುವಾಗ ಏಳುವ ವಾಸನೆ ಅರ್ಧ ಸಿಹಿ, ಅರ್ಧ ಕಮಟು. ಬೆಲ್ಲದ ನೀರು, ಅಳಲೆಕಾಯಿಯ ರಸ ಬಿದ್ದ ಗಾರೆಗೆ ಮಾತ್ರ ಆ ವಾಸನೆ. ಹೋದ ಆಷಾಢದಲ್ಲಿ ಮಗಳ ಜೊತೆ ಶಿರಾದಿಂದ ಮಧುಗಿರಿಗೆ ಹೋಗುತ್ತಿದ್ದೆ. ಊರು ಇನ್ನೂ ದೂರವಿರುವಾಗಲೇ ಬಸ್ಸು ಕೆಟ್ಟು ನಿಂತಿತು. ಎಲ್ಲರ ಜೊತೆ ನಾವೂ ಇಳಿದೆವು. ಇಳಿದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ತಲೆ ಎತ್ತಿ ನೋಡಿದರೆ ರಸ್ತೆಯ ಆಚೆಗೇ ಸಾಹುಕಾರರ ತೋಟದ ಗೇಟು. ಬಸ್ಸು ಕೆಡುವುದಕ್ಕೂ ಒಂದು ಜಾಗ ನೋಡಿಕೊಳ್ಳಬೇಕು ನೋಡಿ.

ಕಮಾನಿಗೆ ಬೊಂಬು ಕಟ್ಟಿದ್ದರು. ಈಗಿನ ಮಾಲೀಕರು ರಿಪೇರಿ ಮಾಡಿಸುತ್ತಿದ್ದಾರಂತೆ. ಕಮಾನಿನ ಎಡಕ್ಕೊಂದು, ಬಲಕ್ಕೊಂದು, ಎಂಟೆಂಟು ಮೂಲೆಯ ಎರಡು ಪುಟ್ಟ ಕಲ್ಲು ಕೋಣೆಗಳು, ತಲೆಯ ಮೇಲೆ ಗಾರೆಯ ಗುಮ್ಮಟ. ಕಲ್ಲೆಲ್ಲ ಮಧುಗಿರಿ ಬೆಟ್ಟದ ಕಡೆಯದೇ. ಅವತ್ತಿನ ಉಳಿಯ ಗುರುತು ಹಾಗೇ ಇದೆ. ಮಗಳು ಕಣ್ಣಗಲಿಸಿ, "ಅಮ್ಮ, ನಾನು ಹುಟ್ಟಿದ ಮನೆ ಇದೇ ಅಲ್ವಾ?" ಎಂದು ಕೇಳಿದಳು. ಅವಳ ತಲೆಯೇ ಈಗ ಬೆಳ್ಳಗಾಗುತ್ತಿದೆ. ಆದರೂ ಚಿಕ್ಕ ಹುಡುಗಿಯ ಹಾಗೆ ರಸ್ತೆ ದಾಟಿ ಓಡಿದಳು. ನಾನು ರಸ್ತೆಯ ಈಚೆಗಿದ್ದ ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಕಾಲಿಗೆ ಏನೂ ಆಗಿರಲಿಲ್ಲ, ಹೋಗಲು ನಾಚಿಕೆಯಾಯಿತು. ಇಷ್ಟು ವರ್ಷದ ಮೇಲೂ ಆ ಗೇಟು ನನ್ನನ್ನು ನಾಚಿಸುತ್ತದೆ.

ಮಹಾರಾಜರ ಕಾಲದಲ್ಲಿ ಆ ತೋಟ ಕಟ್ಟಿಸಿದವರು ದಾಳಿಂಬೆ, ಕಡಲೆಕಾಯಿ ವ್ಯಾಪಾರದಲ್ಲಿ ಮೇಲೆ ಬಂದ ಸಾಹುಕಾರರು. ಎಲ್ಲೋ ಒಂದು ಇಂಗ್ಲಿಷ್ ಪುಸ್ತಕದಲ್ಲಿ ಇಂಗ್ಲೆಂಡಿನ ಯಾವುದೋ ಜಹಗೀರಿನ ಹೆಬ್ಬಾಗಿಲಿನ ಚಿತ್ರ ನೋಡಿದ್ದರಂತೆ. ಬಾಗಿಲ ಎರಡು ಪಕ್ಕಕ್ಕೂ ಜೋಡಿ ಮನೆ, ನಡುವೆ ಗಾಡಿ ಹೋಗುವ ದಾರಿ. ನನಗೂ ಅಂಥದೇ ಬೇಕು ಎಂದು ಬೆಂಗಳೂರಿನಿಂದ ಕಂಟ್ರಾಕ್ಟರನ್ನು ಕರೆಸಿದರು. ಒಂದು ಪಕ್ಕಕ್ಕೆ ಮನೆ ಕಟ್ಟಿ ಇನ್ನೊಂದು ಪಕ್ಕ ಬಿಟ್ಟರೆ ನೋಟ ಕೆಡುತ್ತದೆ. ಕಾವಲುಗಾರ ಒಬ್ಬನೇ, ಅವನಿಗೆ ಎರಡು ಮನೆ ಯಾಕೆ? ಆದ್ದರಿಂದ ಒಂದೇ ಮನೆಯನ್ನು ಎರಡು ಹೋಳು ಮಾಡಿ ದಾರಿಯ ಆಚೆಗೊಂದು ಈಚೆಗೊಂದು ಇಟ್ಟರು. ನೋಟ ಉಳಿಯಿತು.

ನಾನು ಆ ಮನೆಗೆ ಸೊಸೆಯಾಗಿ ಬಂದವಳು. ನನ್ನ ತವರು ವೈ.ಎನ್.ಹೊಸಕೋಟೆಯ ಕಡೆ, ತೆಲುಗು ಕನ್ನಡ ಎರಡನ್ನೂ ಒಟ್ಟಿಗೆ ಕಲಸಿ ಆಡುವ ಊರು. ಗುಮ್ಮಟದ ಮನೆ ಎಂದು ಕೇಳಿಯೇ ಅಪ್ಪ ಒಪ್ಪಿಕೊಂಡಿದ್ದ. ಬಂದ ಮೊದಲ ಬೆಳಿಗ್ಗೆ ಸೆಕೆ ತಡೆಯಲಾರದೆ ಹೊರಗೆ ಬಂದು ನೋಡಿದರೆ ಗೋಡೆಯಲ್ಲಿ ಹಸಿರು ಬಣ್ಣದ ಕಿಟಕಿ ಮುಚ್ಚಿತ್ತು. ತೆಗೆಯೋಣವೆಂದು ಎಳೆದೆ, ಉಗುರು ಮುರಿಯಿತು. ಅದು ಕಿಟಕಿಯೇ ಅಲ್ಲ. ಗಾರೆಯಲ್ಲಿ ರೆಕ್ಕೆ ರೆಕ್ಕೆಯಾಗಿ ಬಾಗಿಲು ಮಾಡಿ ಬಣ್ಣ ಬಳಿದಿದ್ದರು. ರಸ್ತೆಯ ಕಡೆಗೆ ಕಾಣುವ ಮೂರು ಕಿಟಕಿಗಳಲ್ಲಿ ಎರಡು ಹೀಗೆ ನೋಟದ ಕಿಟಕಿಗಳು. ನಿಜವಾದದ್ದು ಒಂದೇ, ಅದೂ ತಲೆಗಿಂತ ಮೇಲೆ. ಹಿಂಬದಿಗೆ ಕಿಟಕಿಯೂ ಇಲ್ಲ, ಬಾಗಿಲೂ ಇಲ್ಲ. ಹಿಂದೆ ಬಂಗಲೆಯಿದೆಯಲ್ಲ, ಅಲ್ಲಿನ ಹೆಂಗಸರ ಕಣ್ಣಿಗೆ ನಮ್ಮ ಮಡಕೆ ಕುಡಿಕೆ ಬೀಳಬಾರದು. ಎರಡು ಕೋಣೆಗೂ ಇದ್ದ ಒಂದೊಂದೇ ಬಾಗಿಲು ಕಮಾನಿನ ಕೆಳಗೆ, ದಾರಿಗೇ, ಎದುರುಬದುರಾಗಿ ತೆರೆದುಕೊಳ್ಳುತ್ತಿತ್ತು.

ಒಂದು ಕೋಣೆಯಲ್ಲಿ ಒಲೆ, ಇನ್ನೊಂದರಲ್ಲಿ ಹಾಸಿಗೆ. ಅನ್ನದ ಪಾತ್ರೆ, ನೀರಿನ ಕೊಡ, ಒದ್ದೆ ಸೀರೆ ಎಲ್ಲವೂ ದಾರಿ ದಾಟಬೇಕು. ದಾಟುವ ಹೊತ್ತಿಗೆ ಸರಿಯಾಗಿ ಸಾಹುಕಾರರ ಜಟಕಾ ಬರುತ್ತಿತ್ತು. ನಾನು ಕಂಬಕ್ಕೆ ಅಂಟಿಕೊಂಡು ನಿಲ್ಲುತ್ತಿದ್ದೆ. ತವರಿನಲ್ಲಿ ಮಾತ್ರ ಅರಮನೆ ಬಾಗಿಲಲ್ಲಿದ್ದೇವೆ ಎಂದು ಜಂಬ ಕೊಚ್ಚಿದ್ದೆ. ಒಂದು ಸಲ ನನ್ನ ಅಕ್ಕ ನೋಡಲು ಬಂದಳು. ಬೆಳಗಿನಿಂದ ಸಂಜೆಯವರೆಗೆ ನಾನು ಓಡಾಡುವುದನ್ನು ನೋಡಿ, "ಏಮೇ, ಇದೇನೇ ನಿಮ್ಮ ಮನೆ? ರೆಂಡು ತುಂಡು ಮಾಡಿ ರಸ್ತೆಗೆ ಎಸೆದವ್ರಲ್ಲೇ" ಎಂದು ನಕ್ಕಳು. ನಾನೂ ನಕ್ಕೆ. ಅವಳು ಹೋದ ಮೇಲೆ ಅತ್ತುಬಿಟ್ಟೆ.

ನಮ್ಮ ಅತ್ತೆಗೆ ಮಾತ್ರ ಆ ಮನೆಯ ಮೇಲೆ ಒಂದು ತಮಾಷೆಯ ಸಿಟ್ಟು. ಎಂಟು ಮೂಲೆಯಲ್ಲಿ ದೇವರನ್ನು ಇಡುವ ಮೂಲೆ ಯಾವುದು, ಒಲೆ ಹೂಡುವ ಮೂಲೆ ಯಾವುದು ಎಂದು ಅವರಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ. "ಎಲ್ಲಿ ಚಾಪೆ ಹಾಸಿದ್ರೂ ಕಾಲು ಗ್ವಾಡೆಗೆ ತಾಗ್ತದೆ ಕಣಮ್ಮ. ಇದ್ನ ಕಟ್ದೋನು ಕೂತ್ಕಂಡೇ ನಿದ್ದೆ ಮಾಡ್ತಿದ್ನೇನೋ" ಎನ್ನುತ್ತಿದ್ದರು. ಗುಮ್ಮಟ ಕಪ್ಪಾಗುತ್ತದೆಂದು ಹೊಗೆಗಂಡಿಯನ್ನು ಸಾಹುಕಾರರು ಮುಚ್ಚಿಸಿದ್ದರಿಂದ ಹೊಗೆಯೆಲ್ಲ ಬಾಗಿಲಿನಿಂದಲೇ ಹೋಗಬೇಕಿತ್ತು. ಅತ್ತೆಯ ಕಣ್ಣು ಯಾವಾಗಲೂ ಕೆಂಪು.

ಅತ್ತೆಯವರದು ಶಿರಾ ಕಡೆಯ ಕುರಿ ಕಾಯುವವರ ಹಟ್ಟಿ. ಆ ಹಟ್ಟಿಯಲ್ಲಿ ಹೊರಗಾದ ಹೆಂಗಸು, ಹೆರುವ ಹೆಂಗಸು ಮನೆಯೊಳಗೆ ಇರುವ ಹಾಗಿಲ್ಲ. ಹಟ್ಟಿಯ ಆಚೆ ಒಂದು ಗುಡಿಸಲಿನಲ್ಲಿ ಇರಬೇಕು. ಅವಳನ್ನು ಮುಟ್ಟಿದವರೂ ಅಷ್ಟೂ ದಿನ ಹೊರಗೇ, ಒಲೆಯ ಹತ್ತಿರ, ದೇವರ ದೀಪದ ಹತ್ತಿರ ಬರುವಂತಿಲ್ಲ. ಅತ್ತೆ ಅದನ್ನು ಒಂದು ದಿನವೂ ಮೀರಿದವರಲ್ಲ. ನಾನು ಬಸುರಿಯಾದಾಗ ಅವರಿಗೆ ಆ ಮನೆಯಲ್ಲಿ ಮೊದಲ ಸಲ ಒಂದು ಒಳ್ಳೆಯದು ಕಂಡಿತು. "ಒಲೆ, ದೇವ್ರು ಆ ಕಡೆ. ನೀನು ಈ ಕಡೆ. ನಡುವೆ ದಾರಿ. ಗುಡ್ಲು ಹಾಕೋ ಕೆಲ್ಸವೇ ಇಲ್ಲ. ಸಾವ್ಕಾರ್ರು ನಮ್ಗೇಂತ್ಲೇ ಕಟ್ಸಿದಂಗೈತೆ" ಎಂದು ಸಂತೋಷಪಟ್ಟರು. ಹೆರಿಗೆಗೆ ತೋಟದ ಹಿಂದಿನ ಹಳ್ಳಿಯ ಸೂಲಗಿತ್ತಿಗೆ ಹೇಳಿಟ್ಟಿದ್ದೂ ಆಯಿತು. ತಿಂಗಳು ತುಂಬಿದಾಗ ನನ್ನ ಚಾಪೆ, ನೀರಿನ ಚೊಂಬು ಎಲ್ಲ ಈ ಕಡೆಯ ಕೋಣೆಗೆ ಬಂದವು. ಊಟವನ್ನು ಅತ್ತೆ ಹೊಸಿಲಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು.

ಇನ್ನು ನಮ್ಮವರು. ಈರಣ್ಣ ಎಂದರೆ ಕುರಿ ಬಿಟ್ಟು ಕೆಂಪು ರುಮಾಲು ಸುತ್ತಿದವನು ಎಂದು ಹಟ್ಟಿಯಲ್ಲೆಲ್ಲ ಹೆಸರು. ಎದೆಯ ಮೇಲೆ ಕಾವಲುಗಾರನ ಹಿತ್ತಾಳೆಯ ಬಿಲ್ಲೆ. ಅದನ್ನು ಹುಣಸೆಹಣ್ಣು ಹಚ್ಚಿ ಉಜ್ಜದೆ ಅವರು ಬೆಳಿಗ್ಗೆ ನೀರು ಮುಟ್ಟುತ್ತಿರಲಿಲ್ಲ. ಅವರು ಕೆಟ್ಟವರಾಗಿದ್ದರೆ ನಾನು ಇಷ್ಟು ನೋಯುತ್ತಿರಲಿಲ್ಲ. ನಾನು ದಾರಿ ದಾಟಲು ನಾಚುತ್ತೇನೆಂದು ಬೆಳಕು ಹರಿಯುವ ಮುಂಚೆಯೇ ಎರಡೂ ಕೋಣೆಗೆ ನೀರು ತುಂಬಿಸಿಡುತ್ತಿದ್ದ ಮನುಷ್ಯ. ಆದರೆ ಸಾಹುಕಾರರ ಗಾಡಿಯ ಗೆಜ್ಜೆ ಕೇಳಿದರೆ ಸಾಕು, ಬೇರೆ ಯಾರೋ ಆಗಿಬಿಡುತ್ತಿದ್ದರು.

ಆ ವರ್ಷ ಆರಿದ್ರ ಮಳೆ ಇವತ್ತು ನಾಳೆ ಎನ್ನುತ್ತಿತ್ತು. ಆಗಲೇ ಬೆಂಗಳೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ತೋಟ ನೋಡಲು ಬರುತ್ತಾರೆಂದು ಸುದ್ದಿ ಬಂತು. ಅವರ ಒಂದು ಮಾತಿನಿಂದ ದಸರಾದಲ್ಲಿ ಸಾಹುಕಾರರಿಗೆ ಬಿರುದು ಬರಬಹುದೆಂದು ಎಲ್ಲರ ಬಾಯಲ್ಲೂ ಅದೇ. ಗಾರೆ ಅರೆದು ಕಮಾನಿಗೆ ಮೆತ್ತಿದರು, ಸುಳ್ಳು ಕಿಟಕಿಗಳಿಗೆ ಹೊಸ ಹಸಿರು ಬಳಿದರು. ಇಡೀ ವಾರ ಆ ವಾಸನೆಯಲ್ಲೇ ನಾನು ಮಲಗಿದ್ದೆ. ಕೊನೆಗೆ ಗೇಟಿನಿಂದ ಬಂಗಲೆಯವರೆಗೂ ಕೆಮ್ಮಣ್ಣು ಹಾಸಿ, ನೀರು ಚಿಮುಕಿಸಿ, ಕಲ್ಲಿನ ಗುಂಡು ಉರುಳಿಸಿ, ಮೇಲೆ ಪೊರಕೆಯಿಂದ ಮೀನಿನ ಮೂಳೆಯ ಹಾಗೆ ಗೆರೆ ಎಳೆದರು. ನೋಡಲು ಚೆಂದವಿತ್ತು, ಸುಳ್ಳು ಹೇಳಬಾರದು. ಸಾಹುಕಾರರು ನಮ್ಮವರನ್ನು ಕರೆದು, "ಈರಣ್ಣ, ದೊರೆಗಳ ಮೋಟಾರು ಬರೋವರೆಗೂ ಇದರ ಮೇಲೆ ಒಂದು ಹೆಜ್ಜೆ ಬೀಳಬಾರದು. ಬಿದ್ದರೆ ನಿನ್ನ ಬಿಲ್ಲೆ ಇಲ್ಲೇ ಬಿಚ್ಚಿಟ್ಟು ಹೋಗು" ಎಂದರು. ನನ್ನ ಬಾಗಿಲು ತೆರೆದೇ ಇತ್ತು. ಒಳಗಿರುವವಳು ಕಾಣಲಿಲ್ಲವೋ, ಕಂಡರೂ ಲೆಕ್ಕಕ್ಕೆ ಬರಲಿಲ್ಲವೋ.

ಅವತ್ತು ಬೆಳಿಗ್ಗೆಯೇ ನನಗೆ ಬೇನೆ ಹತ್ತಿತು. ಮೋಟಾರು ಬೆಳಿಗ್ಗೆ ಬರಬೇಕಾದದ್ದು ಕೊರಟಗೆರೆಯಲ್ಲಿ ಊಟಕ್ಕೆ ನಿಂತಿದೆ ಎಂದು ಆಳು ಬಂದು ಹೇಳಿಹೋದ. ತೋಟದ ಆಳುಗಳೆಲ್ಲ ಬಂಗಲೆಯ ಹತ್ತಿರ ಸಾಲಾಗಿ ನಿಂತಿದ್ದರು, ಸೂಲಗಿತ್ತಿಯನ್ನು ಕರೆತರಲು ಯಾರೂ ಇರಲಿಲ್ಲ. ಅತ್ತೆ ಎದುರಿನ ಬಾಗಿಲ ಹೊಸಿಲಲ್ಲಿ ಕೂತಿದ್ದರು. ನಾನು ಇಲ್ಲಿ ಗೋಡೆಗೆ ಒರಗಿದ್ದೆ. ನಮ್ಮಿಬ್ಬರ ನಡುವೆ ಒಂದೇ ಒಂದು ಗಾಡಿ ಹೋಗುವಷ್ಟು ಜಾಗ, ಕೆಂಪಗೆ, ಗೆರೆ ಗೆರೆಯಾಗಿ. ಬೇನೆ ಬಂದಾಗ ನಾನು ಅವರ ಮುಖ ನೋಡುತ್ತಿದ್ದೆ, ಅವರು ಕೈಸನ್ನೆಯಲ್ಲೇ ಹೀಗೆ ಕೂರು, ಹೀಗೆ ಉಸಿರು ಬಿಡು ಎನ್ನುತ್ತಿದ್ದರು. ನಮ್ಮವರು ಗೇಟಿನ ಹೊರಗೆ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದರು. ಅವರ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

ನನ್ನಿಂದ ತಡೆಯಲಾಗದೆ ಒಂದು ಸಲ ನರಳಿದೆ. ಅತ್ತೆ ಎದ್ದು ನಿಂತರು.

"ಲೇ ಈರ, ಸೂಲಗಿತ್ತೀನ ಕರ್ಕೊಂಡ್ ಬಾ."

"ಗೇಟು ಬುಟ್ಟು ಹೋಗಂಗಿಲ್ಲ ಕಣವ್ವ."

"ಹಂಗಾರೆ ಒಂದು ಹಲ್ಗೆನಾದ್ರೂ ಅಡ್ಡ ಹಾಕ್ಲಾ, ನಾನೇ ಹೋಯ್ತೀನಿ."

"ಹಲ್ಗೆ ಗುರ್ತು ಬೀಳ್ತದೆ. ಇನ್ನೊಂದೀಟು ತಡ್ಕಳಾಕೆ ಹೇಳು. ಈಗ ಬಂದ್ಬುಡ್ತಾರೆ."

ಅವರು ತಿರುಗಿ ನೋಡದೆಯೇ ಹೇಳಿದರು. ಅತ್ತೆ ಒಳಗೆ ಹೋದರು. ದೇವರ ಮುಂದಿನ ದೀಪಕ್ಕೆ ಎಣ್ಣೆ ಹುಯ್ದದ್ದು, ಒಲೆಯ ಬೆಂಕಿಯನ್ನು ಬೂದಿಯಲ್ಲಿ ಮುಚ್ಚಿದ್ದು ನನಗೆ ಇಲ್ಲಿಂದಲೇ ಕಾಣಿಸಿತು. ನನ್ನನ್ನು ಮುಟ್ಟಿದರೆ ಅವರು ಮತ್ತೆ ಆ ಒಲೆಯ ಹತ್ತಿರ ಬಹಳ ದಿನ ಹೋಗುವ ಹಾಗಿರಲಿಲ್ಲ. ಬಿಸಿನೀರಿನ ಮಡಕೆ ಸೊಂಟಕ್ಕಿಟ್ಟು, ಕುಡುಗೋಲು ಕೈಯಲ್ಲಿ ಹಿಡಿದು ಹೊಸಿಲು ದಾಟಿದರು. ಮರಿ ಹಾಕುವ ಕುರಿಯ ಹತ್ತಿರ ಹೋಗುವಾಗ ಹೇಗೋ ಹಾಗೆ, ಅವಸರವಿಲ್ಲದೆ ನಡೆದು ಬಂದರು. ಜೀವಮಾನವಿಡೀ ಚಪ್ಪಲಿ ಮೆಟ್ಟದ ಅಗಲ ಪಾದ. ಮೀನಿನ ಮೂಳೆಯ ಗೆರೆಗಳ ಮೇಲೆ ಒಂದೊಂದೇ ಹೆಜ್ಜೆ ಅಚ್ಚಾಗಿ ಮೂಡಿತು. ನಾನು ಹೆಣ್ಣಾಗಿ ಹುಟ್ಟಿ ಯಾರ ಬರವನ್ನೂ ಹಾಗೆ ಕಾದಿದ್ದಿಲ್ಲ.

ಅವರು ಒಳಗೆ ಬಂದು ನನ್ನ ಸೊಂಟ ಹಿಡಿದುಕೊಂಡಾಗ ಹೊರಗೆ ಪೊರಕೆಯ ಸದ್ದು ಕೇಳಿತು. ನಮ್ಮವರು ತಮ್ಮ ತಾಯಿಯ ಹೆಜ್ಜೆಗಳನ್ನು ಅಳಿಸುತ್ತಿದ್ದರು. ಆ ಹೊಸಿಲಿನಿಂದ ಶುರು ಮಾಡಿ, ತಮ್ಮ ಕಾಲಿನ ಗುರುತೂ ಉಳಿಯದ ಹಾಗೆ ಹಿಂದೆ ಹಿಂದೆ ನಡೆಯುತ್ತ, ಮೀನಿನ ಮೂಳೆಯನ್ನು ಮತ್ತೆ ಎಳೆಯುತ್ತ ನಮ್ಮ ಹೊಸಿಲಿನವರೆಗೂ ಬಂದರು. ಕೊನೆಯ ಹೆಜ್ಜೆ ಅಳಿಸಿದ ಮೇಲೆ ಬಾಗಿಲಲ್ಲಿ ನಿಂತರು. ನನ್ನ ಕಡೆ ಕಣ್ಣೆತ್ತಲಿಲ್ಲ. ಬಾಗಿಲನ್ನು ಮೆಲ್ಲಗೆ ಎಳೆದು ಮುಚ್ಚಿ, ಹಾಗೆಯೇ ಹಿಂದೆ ಹಿಂದೆ ನಡೆದು ಗೆರೆ ಎಳೆಯುತ್ತ ಗೇಟಿಗೆ ಹೋದರು.

ಕೋಣೆ ಕತ್ತಲಾಯಿತು. ಮೇಲಿನ ಕಿಟಕಿಯಿಂದ ಒಂದು ಕೈಯಗಲ ಬೆಳಕು ಬಿಟ್ಟರೆ ಏನಿಲ್ಲ. ಸ್ವಲ್ಪ ಹೊತ್ತಿಗೆ ಮೋಟಾರಿನ ಸದ್ದು ಬಂತು, ಸಾಹುಕಾರರು ಎದುರುಗೊಳ್ಳಲು ಓಡಿ ಬಂದ ಸದ್ದೂ ಕೇಳಿತು. ನಾನು ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡೆ. ಅತ್ತೆ ಕಿತ್ತು ಹಾಕಲು ನೋಡಿದರು, ನಾನು ಬಿಡಲಿಲ್ಲ. ಮೋಟಾರು ಕಮಾನಿನ ಕೆಳಗೇ, ಬಾಗಿಲಿಗೆ ಹತ್ತಿಕೊಂಡೇ ನಿಂತಿತು. ಅಧಿಕಾರಿಗಳು ಇಳಿದು ಗುಮ್ಮಟ, ಕಮಾನು ಎಲ್ಲ ನೋಡಿ ತಲೆದೂಗಿದರೆಂದು ಕಾಣುತ್ತದೆ. ಒಂದೊಂದು ಮಾತೂ ನನಗೆ ಕೇಳುತ್ತಿತ್ತು.

"ಬಹಳ ಸೊಗಸಾಗಿದೆ. ಇಷ್ಟು ಸೆಕೆಯಲ್ಲಿ ಕಿಟಕಿ ಯಾಕೆ ಮುಚ್ಚಿಟ್ಟಿದ್ದೀರಿ?"

"ಅದು ಕಿಟಕಿಯಲ್ಲ ಸ್ವಾಮಿ, ಗಾರೆ ಕೆಲಸ. ಬರೀ ನೋಟಕ್ಕೆ."

"ಭಲೆ. ಒಳಗೆ ಯಾರಿರ್ತಾರೆ?"

"ಯಾರೂ ಇಲ್ಲ ಸ್ವಾಮಿ. ಇದೂ ನೋಟಕ್ಕೇ."

ಆಗಲೇ ಮಗು ಅತ್ತೆಯ ಕೈಗೆ ಬಂದಿತ್ತು. ಅಳಲಿಲ್ಲ. ನೀಲಿಗಟ್ಟಿ, ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಅತ್ತೆ ನನ್ನ ಮುಖ ನೋಡಿದರು. ಹೊರಗೆ ಜನ ಇದ್ದಾರೆ ಎಂಬುದು ಅವರಿಗೂ ಗೊತ್ತು. ಮಗುವನ್ನು ತಲೆಕೆಳಗೆ ಮಾಡಿ ಬೆನ್ನಿಗೆ ಒಂದು ಬಿಟ್ಟರು, ಇನ್ನೊಂದು ಬಿಟ್ಟರು. ಮೂರನೆಯದಕ್ಕೆ ಅದು ಕೂಗಿದ ಕೂಗು ಗುಮ್ಮಟಕ್ಕೆ ಬಡಿದು ಎರಡರಷ್ಟಾಗಿ ಹೊರಗೆ ಹೋಯಿತು.

ಹೊರಗೆ ಮೊದಲು ಬಾಯಿಬಿಟ್ಟವರು ಸಾಹುಕಾರರು. "ನವಿಲು ಸ್ವಾಮಿ. ನಮ್ಮ ತೋಟದಲ್ಲಿ ಬಹಳ. ಮೋಡ ಕಂಡರೆ ಹೀಗೇ."

"ಇಷ್ಟು ಹತ್ತಿರದಲ್ಲಿ ನವಿಲೇ?" ಅಧಿಕಾರಿಗಳಿಗೆ ಸಂದೇಹ ಬಂದಿರಬೇಕು. ಅವರು ಕಾವಲುಗಾರನನ್ನೇ ಕೇಳಿದರು. "ಹೌದೇನಯ್ಯಾ?"

ನಮ್ಮವರು ಬಾಗಿಲಿನ ಆಚೆಗೇ ಇದ್ದರು. ಮಗು ಇನ್ನೂ ಅಳುತ್ತಲೇ ಇತ್ತು.

"ಹೌದು ಬುದ್ಧಿ," ಎಂದರು. "ನವಿಲು."

ಆ ಮಾತು ಕೇಳಿ ನನಗೆ ಸಿಟ್ಟು ಬಂತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಸಿಟ್ಟು ಬರಲಿಲ್ಲ. ಸದ್ಯ, ಬಿಲ್ಲೆ ಉಳಿಯಿತು ಎಂದು ಎದೆ ಹಗುರಾಯಿತು. ಇನ್ನೂ ಹೊಕ್ಕುಳು ಕೊಯ್ಯದ ಮಗಳು ಅಲ್ಲಿ ಬಾಯಿ ಬಿಟ್ಟು ಅಳುತ್ತಿದ್ದರೆ, ನಾನು ಬಾಯಲ್ಲಿ ಸೆರಗಿಟ್ಟುಕೊಂಡು ಸಮಾಧಾನಪಟ್ಟೆ. ಮುಂದೆ ಯಾವಾಗ ನೆನೆದರೂ ನನ್ನ ಮುಖ ಬಿಸಿಯಾಗುವುದು ಅವರ ಮಾತಿಗಲ್ಲ, ಆ ಸಮಾಧಾನಕ್ಕೆ.

ಮೋಟಾರು ಬಂಗಲೆ ಮುಟ್ಟುವ ಹೊತ್ತಿಗೆ ಮಳೆ ಹೊಡೆಯಿತು. ಕೆಮ್ಮಣ್ಣೆಲ್ಲ ಕೆಸರಾಗಿ ಚರಂಡಿಗೆ ಹರಿದುಹೋಯಿತು. ಆಳುಗಳು, ಎತ್ತುಗಳು, ಬಂಗಲೆಯ ನಾಯಿಗಳು ಎಲ್ಲ ಅದನ್ನು ತುಳಿದುಕೊಂಡೇ ಓಡಾಡಿದವು. ನಮ್ಮವರು ನೆನೆದುಕೊಂಡು ಬಂದು ಬಾಗಿಲು ತೆರೆದರು. ಒಳಗೆ ಬರುವಂತಿರಲಿಲ್ಲ, ಹೊಸಿಲಿನಾಚೆ ನಿಂತು, "ಏನು ಮಗ ಅವ್ವ, ಗಂಡಾ ಹೆಣ್ಣಾ?" ಎಂದು ಕೇಳಿದರು.

ಅತ್ತೆ ಮಗುವಿಗೆ ಹರಳೆಣ್ಣೆ ತೀಡುತ್ತಿದ್ದವರು ತಲೆ ಎತ್ತಲಿಲ್ಲ. "ನೀನೇ ಹೇಳ್ದಲ್ಲಾ, ನವಿಲು ಅಂತ. ನವಿಲೇ ಆಗ್ಲಿ ಬುಡು. ಇವಳ್ನ ನವಿಲಮ್ಮ ಅಂತ್ಲೇ ಕರೀತೀನಿ. ನೀನು ಬದುಕಿರೋಗಂಟ ದಿನಾ ಕೇಳಿಸ್ಕ."

ನಮ್ಮವರು ಮಳೆಯಲ್ಲೇ ಹೋಗಿ ಗೇಟಿನ ಹತ್ತಿರ ನಿಂತರು. ಬಾಣಂತಿತನ ಮುಗಿಯುವವರೆಗೂ ಅತ್ತೆ ನನ್ನ ಜೊತೆ ಈ ಕೋಣೆಯಲ್ಲೇ ಇದ್ದರು. ಆ ಕಡೆ ಒಲೆ ಹಚ್ಚಿ, ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡು, ಮುದ್ದೆ ತಿರುವಿ ನಮ್ಮಿಬ್ಬರಿಗೂ ಹೊಸಿಲಿಗೆ ತಂದಿಟ್ಟವರು ನಮ್ಮವರೇ. ಕೊನೆಗೆ ಸಾಹುಕಾರರಿಗೆ ಬಿರುದು ಬರಲಿಲ್ಲ.

ಮಹಾರಾಜರ ಆಳ್ವಿಕೆ ಮುಗಿಯುವ ಹೊತ್ತಿಗೆ ತೋಟ ಕೈಬದಲಾಯಿತು, ನಾವು ಶಿರಾಕ್ಕೆ ಬಂದೆವು. ನಮ್ಮವರು ಮಗಳನ್ನು ಹೆಗಲ ಮೇಲೆ ಹೊತ್ತು ತಿರುಗಿದರು, ತಾವು ಅಕ್ಷರ ಬಾರದವರಾದರೂ ಅವಳನ್ನು ಶಾಲೆಗೆ ಬಿಟ್ಟು ಬಂದರು. ಅವಳ ಸ್ಲೇಟಿನಲ್ಲೇ ನಾನೂ ಬರೆಯಲು ಕಲಿತೆ. ಹೆಸರು ಯಾಕೆ ಹೀಗೆ ಎಂದು ಅವಳು ಕೇಳಿದಾಗ, ನೀನು ಹುಟ್ಟುವಾಗ ನವಿಲು ಕೂಗಿತು ಎಂದು ಹೇಳಿದವಳು ನಾನೇ. ಅತ್ತೆ ಆಗ ಬದುಕಿದ್ದರು, ಕೇಳಿ ಎದ್ದು ಹೋದರು. ಈಗ ಅತ್ತೆಯೂ ಇಲ್ಲ, ನಮ್ಮವರೂ ಇಲ್ಲ.

ಬಸ್ಸಿನ ಡ್ರೈವರ್ ಇನ್ನೂ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡಿದ್ದ. ಎಷ್ಟು ಹೊತ್ತು ಕಟ್ಟೆಯ ಮೇಲೆ ಕೂತಿರುವುದು ಎಂದು ಎದ್ದು ರಸ್ತೆ ದಾಟಿದೆ. ಮಗಳು ಕಮಾನಿನ ಕೆಳಗೆ ಗಾರೆ ಮೇಸ್ತ್ರಿಯ ಜೊತೆ ಮಾತಿಗಿಳಿದಿದ್ದಳು. ಅವಳ ಮುಖದಲ್ಲಿ ಎಂಥ ಹಿಗ್ಗು.

"ಈ ಕೋಣೆಲೇ ಕಣಪ್ಪ ನಾನು ಹುಟ್ಟಿದ್ದು. ಆವಾಗ ಇಲ್ಲೇ ಬಾಗ್ಲತ್ರ ನವಿಲು ಕೂಗ್ತಂತೆ. ಅದಕ್ಕೇ ನನ್ನ ಹೆಸರು ನವಿಲಮ್ಮ."

ಮೇಸ್ತ್ರಿ ಕೈಯಲ್ಲಿದ್ದ ಕರಣೆ ತಗ್ಗಿಸಿ ನನ್ನ ಕಡೆ ತಿರುಗಿದ. "ಹೌದಾ ಅಜ್ಜಿ? ಇಷ್ಟತ್ರ ಬತ್ತಿತ್ತಾ ನವಿಲು?"

ನಮ್ಮವರು ನಿಂತಿದ್ದ ಜಾಗದಲ್ಲೇ ನಾನು ನಿಂತಿದ್ದೆ. ಹೂಂ ಎಂದರೆ ಮುಗಿಯುತ್ತಿತ್ತು, ಇಷ್ಟು ವರ್ಷ ಅಂದದ್ದೇ.

"ಇಲ್ಲ ಕಣಪ್ಪ," ಎಂದೆ. "ನವಿಲು ಕೂಗಲಿಲ್ಲ. ಅತ್ತಿದ್ದು ನನ್ನ ಮಗಳು."

ಮಗಳು ನನ್ನ ಮುಖವನ್ನೇ ನೋಡಿದಳು. "ಮತ್ತೆ ನವಿಲು ಅಂತ ಅಂದೋರು ಯಾರಮ್ಮ?"

"ನಿಮ್ಮಪ್ಪ. ಈ ಬಾಗಿಲ ಮುಂದೆ ನಿಂತ್ಕಂಡು, ದೊಡ್ಡೋರು ಕೇಳಿದ್ದಕ್ಕೆ. ಒಳಗೆ ಕೇಳಿಸ್ಕೊಂಡು, ಸದ್ಯ ಅಂದ್ಕಂಡೋಳು ನಾನು."

ಮೇಸ್ತ್ರಿಗೆ ಏನೂ ಅರ್ಥವಾಗಲಿಲ್ಲ, ಗಾರೆಯ ಕಡೆಗೆ ಹೋದ. ಮಗಳು ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಒಳಗೆ ನೋಡಿದಳು. ಬಸ್ಸು ಶುರುವಾಗಿ ಹಾರನ್ ಹೊಡೆಯಿತು. ಅವಳು ಬಂದು ನನ್ನ ತೋಳು ಹಿಡಿದುಕೊಂಡಳು. ರಸ್ತೆಯ ಅರ್ಧಕ್ಕೆ ಬಂದಾಗ ಕೇಳಿದಳು, "ಅದಕ್ಕೇನಾಮ್ಮ, ಅಪ್ಪ ಸಾಯೋವರೆಗೂ ನನ್ನನ್ನ ಮಗಾ ಅಂತ್ಲೇ ಕರೆದ್ರು? ಒಂದು ಸಲಾನೂ ಹೆಸರು ಹಿಡಿದು ಕರೀಲಿಲ್ಲ?"

ನಾನು ಹೂಂ ಎಂದೆ.